ಎಣ್ಣೆ ಹಚ್ಚಿದ ತೋಟಾ

ನನಗೊಂದು ಚಟವಿದೆ. ಎಲೆಯಡಿಕೆಯ ಕವಳದ ಚಟವಲ್ಲ, ಅದನ್ನು ಹಲ್ಲುಗಳೇ ಬಿಡಿಸಿಬಿಟ್ಟವು. ಒಂದೇ ಜಾತಿಯ ಎರಡು ವಸ್ತು ಕಣ್ಣಿಗೆ ಬಿದ್ದರೆ ಸಾಕು, ಎಡಗೈಯಲ್ಲೊಂದು ಬಲಗೈಯಲ್ಲೊಂದು ಹಿಡಿದು ಯಾವುದು ಭಾರ ಎಂದು ತೂಗಿ ನೋಡುವ ಚಟ. ಲಿಂಬೆಹಣ್ಣು, ತೆಂಗಿನಕಾಯಿ, ಮೊಮ್ಮಗಳ ಜೋಡು ಚಪ್ಪಲಿ, ಏನಾದರೂ ಆದೀತು. ಕುಮಟೆಯ ಸಂತೆಯಲ್ಲಿ ತರಕಾರಿ ಮಾರುವ ಹೆಂಗಸರು ನನ್ನನ್ನು ದೂರದಲ್ಲಿ ಕಂಡರೇ ಬುಟ್ಟಿಯ ಮೇಲೆ ಗೋಣಿ ಎಳೆಯುತ್ತಾರೆ. "ತಕ್ಕಡಿ ಇಲ್ಲೇ ಇತ್ತಲ ಒಡ್ಯಾ, ನಿಮ್ಮ ಕೈ ಎಂತಕೆ?" ಎಂದು ಒಬ್ಬಳು ಕೇಳಿಯೂ ಬಿಟ್ಟಳು. ನನ್ನ ಹೆಂಡತಿಯಂತೂ ಈ ಮಾತು ಬಂದಾಗಲೆಲ್ಲ, "ಯನ್ನೂ ಯನ್ನ ತಂಗಿನೂ ಹಿಂಗೇ ತೂಗಿ ನೋಡಿಕ್ಕೇ ಮದ್ವೆಗೆ ಒಪ್ಪಿದ್ರನ ಎಂತನ," ಎಂದು ನೆಂಟರ ಎದುರೇ ಹೇಳುತ್ತಾಳೆ. ತೂಗಿರಲಿಲ್ಲ. ಆದರೆ ಮನಸ್ಸಿನಲ್ಲಿ ಆಸೆ ಇರಲಿಲ್ಲ ಎಂದು ಹೇಳಲಾರೆ.

ಇದು ಹತ್ತಿದ್ದು ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ. ಯುದ್ಧವೆಂದರೆ ನಮ್ಮ ಕಡೆ ಫಿರಂಗಿ ಕಂಡವರು ಯಾರೂ ಇಲ್ಲ. ಸೀಮೆಎಣ್ಣೆ ಇಲ್ಲ, ಸಕ್ಕರೆ ಇಲ್ಲ, ಪೆಟ್ರೋಲು ಸಿಗದ ಬಸ್ಸಿನ ಬೆನ್ನಿಗೆ ಇದ್ದಿಲ ಒಲೆಯೊಂದು ಬಂದು ಕೂತಿತ್ತು, ಅಷ್ಟೇ. ನಾನಾಗ ಕುಮಟೆಯ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತ. ಮದುವೆ ಆಗಿರಲಿಲ್ಲ. ಕೂತಲ್ಲಿ ಕೂರುವ ಜಾಯಮಾನ ಮೊದಲೇ ನನ್ನದಲ್ಲ. ಊಟಕ್ಕೆ ಕೂತರೂ ಒಂದು ಕಾಲು ಎದ್ದು ಹೋಗುವ ತಯಾರಿಯಲ್ಲೇ ಇರುತ್ತಿತ್ತು. ಶನಿವಾರ ಮಧ್ಯಾಹ್ನವಾದರೆ ಆ ಇದ್ದಿಲ ಬಸ್ಸು ಹತ್ತಿ ಹೊನ್ನಾವರಕ್ಕೆ ಬಂದು, ದೋಣಿಯಲ್ಲಿ ಶರಾವತಿ ದಾಟಿ, ಕಾಸರಕೋಡಿನಿಂದ ಸಿಕ್ಕ ಗಾಡಿಯೋ ನಡಿಗೆಯೋ ಮಾಡಿಕೊಂಡು ಮಂಕಿಯ ನಮ್ಮ ಮನೆಗೆ ಓಡಿ ಬರುತ್ತಿದ್ದೆ. ಏರು ಬಂದಲ್ಲಿ ಬಸ್ಸು ಉಸಿರು ಕಟ್ಟಿ ನಿಲ್ಲುತ್ತಿತ್ತು. ಉಳಿದವರು ಇಳಿದು ಗೊಣಗುತ್ತ ತಳ್ಳಿದರೆ ನನಗೆ ಮಾತ್ರ ಖುಷಿ. ಸುಮ್ಮನೆ ಕೂತಿರುವುದಕ್ಕಿಂತ ಬಸ್ಸು ತಳ್ಳುವುದು ಎಷ್ಟೋ ವಾಸಿ.

ಮನೆಯಲ್ಲಿ ಅಣ್ಣ, ಅತ್ತಿಗೆ. ಅಪ್ಪ ತೀರಿಕೊಂಡ ಮೇಲೆ ಗದ್ದೆ, ತೆಂಗಿನ ತೋಟ ಎಲ್ಲ ಅಣ್ಣನ ಮೇಲ್ವಿಚಾರಣೆ. ಜೊತೆಗೆ ಅಪ್ಪನಿಂದ ಬಂದ ಒಂದು ರೈಫಲ್ಲು. ಯಾವನೋ ಬಿಳಿಯ ಜಂಗಲ್ ಸಾಹೇಬ ಊರು ಬಿಡುವಾಗ ಅಪ್ಪನಿಗೆ ಕೊಟ್ಟುಹೋದದ್ದು. ಸುತ್ತಮುತ್ತಲ ಕೋವಿಗಳೆಲ್ಲ ಚರೆ ಉಗುಳುವ ಕೋವಿಗಳು. ಇದು ಒಂದೇ ಗುಂಡಿನದು, ದೂರಕ್ಕೆ ಹೋಗಿ ಹೇಳಿದಲ್ಲಿ ಕೂರುವಂಥದು. ಲೈಸನ್ಸು ಅಣ್ಣನ ಹೆಸರಿಗಿತ್ತು. ಭಟ್ಕಳದ ಮುಟ್ಟಳ್ಳಿಯಿಂದ ಹಿಡಿದು ನಮ್ಮೂರಿನವರೆಗೆ ಯಾರ ಗದ್ದೆಗೆ ಹಂದಿ ಬಿದ್ದರೂ ಅಣ್ಣನಿಗೆ ಕರೆ ಬರುತ್ತಿತ್ತು. ಅವನು ಹೋಗಿ ಹೊಡೆಯುವುದು, ಊರವರು ಹಂದಿ ಹೊತ್ತುಕೊಂಡು ಹೋಗುವುದು, ಅವನು ಬಂದು ಬಾವಿಕಟ್ಟೆಯಲ್ಲಿ ಸ್ನಾನ ಮಾಡಿ ಜನಿವಾರ ಬದಲಿಸಿ ಒಳಗೆ ಬರುವುದು. ತಿನ್ನದ ಪ್ರಾಣಿಯನ್ನು ಹೊಡೆಯುವ ಈ ಬ್ರಾಹ್ಮಣನ ಬಗ್ಗೆ ಊರಲ್ಲಿ ತಮಾಷೆ ಇತ್ತು, ಗೌರವ ಅದಕ್ಕಿಂತ ಹೆಚ್ಚಿತ್ತು. ಅಣ್ಣನಿಗೂ ಆ ರೈಫಲ್ಲೆಂದರೆ ಜೀವ. ಸಂಜೆ ಜಗಲಿಯಲ್ಲಿ ಕೂತು ಅದರ ನಳಿಗೆಗೆ ಬಟ್ಟೆ ಎಳೆಯುವಾಗ ಅವನ ಮುಖದಲ್ಲಿ ಕಾಣುತ್ತಿದ್ದ ಸಮಾಧಾನ ಸಂಧ್ಯಾವಂದನೆಯಲ್ಲಿ ಕಂಡದ್ದಿಲ್ಲ.

ತೋಟಾಗಳು ಮುಂಬಯಿಯಿಂದ ಭಟ್ಕಳದ ಒಂದು ಅಂಗಡಿಗೆ ಬರುತ್ತಿದ್ದವು. ಯುದ್ಧ ಸುರುವಾದ ಮೇಲೆ ಅಂಗಡಿಯ ಸಾಹೇಬರು ಕೈ ಚೆಲ್ಲಿದರು. "ಹೊಸ ತೋಟಾ ಎಲ್ಲ ಲಡಾಯಿಗೆ ಹೋತು ಹೆಗಡೇರೆ. ಕೇಪು ಉಂಟು, ಕರಿಮದ್ದು ಉಂಟು. ಹಳೇ ಖಾಲಿ ತೋಟಾ ನಿಮ್ಮ ಹತ್ರವೇ ಉಂಟಲ್ಲ, ತುಂಬಿಕೊಳ್ಳಿ," ಎಂದರು. ಹೀಗೆ ನಮ್ಮ ಜಗಲಿಯಲ್ಲಿ ತೋಟಾ ತುಂಬುವ ಉದ್ಯೋಗ ಸುರುವಾಯಿತು. ಹೊಡೆದು ಖಾಲಿಯಾದ ಹಿತ್ತಾಳೆಯ ಕೊಳವೆಯ ಬುಡಕ್ಕೆ ಕಿಡಿ ಕೊಡುವ ಹೊಸ ಕೇಪು ಕೂರಿಸುವುದು, ಮದ್ದು ಹಾಕುವುದು, ಮೇಲೆ ಗಟ್ಟಿ ರಟ್ಟಿನ ಬಿಲ್ಲೆ, ಅದರ ಮೇಲೆ ಸೀಸದ ಗುಂಡು. ಹೇಳುವಾಗ ಉಪ್ಪಿನಕಾಯಿ ಭರಣಿ ತುಂಬಿದಷ್ಟೇ ಸುಲಭ. ಅಣ್ಣ ಹಾಗೆಯೇ ತುಂಬುತ್ತಿದ್ದ, ಕಣ್ಣಂದಾಜಿನಲ್ಲಿ. ಕೆಲವು ಗುಂಡು ಹೇಳಿದಲ್ಲಿ ಹೋದವು, ಕೆಲವು ಹೋಗಲಿಲ್ಲ. ಹಂದಿಗಳು ಹೆಚ್ಚಾದವು.

ಆಮೇಲೆ ಮಾದೇವನದ್ದಾಯಿತು.

ಮಾದೇವ ನಾಯ್ಕ ನಮ್ಮ ಗದ್ದೆಯ ಪಕ್ಕದವನು, ಅಣ್ಣನ ಓರಗೆಯವನು. ಅವನ ಗೆಣಸು ನೆಟ್ಟ ಓಳಿಗೆ ಹಂದಿ ಬೀಳುತ್ತಿತ್ತು. ಒಂದು ದಿನ ಬೆಳಗಿನ ಜಾವ, ಬೆಳಕು ಹರಿಯುವ ಹೊತ್ತಿಗೆ, ಅಣ್ಣ ಗದ್ದೆಯ ಹಾಳಿಯ, ಅಂದರೆ ಬದುವಿನ, ಮೇಲೆ ಕೂತು ಹೊಡೆದ. ಹೆಗಲಿಗೆ ಬೀಳಬೇಕಾದ ಗುಂಡು ಹಿಂಗಾಲಿಗೆ ಬಿತ್ತು. ಹಂದಿ ಸಾಯದೆ ತಿರುಗಿತು, ಬದಿಯಲ್ಲಿ ನಿಂತಿದ್ದ ಮಾದೇವನ ತೊಡೆ ಸೀಳಿಕೊಂಡು ಹೋಯಿತು. ಹೊನ್ನಾವರದ ಡಾಕ್ಟರು ಕಾಲು ಉಳಿಸಿದರು, ನಡಿಗೆ ಉಳಿಯಲಿಲ್ಲ. ಆಮೇಲೆ ಮಾದೇವ ಕೋಲಿನವನಾದ. ಅವನು ಒಂದು ದಿನವೂ ಅಣ್ಣನನ್ನು ದೂರಲಿಲ್ಲ. ದೂರಿದ್ದರೆ ಅಣ್ಣನಿಗೆ ಹಗುರವಾಗುತ್ತಿತ್ತೋ ಏನೋ. ಮಾದೇವ ಅದರ ಬದಲು ಗಾಯ ಒಣಗುವ ಮೊದಲೇ ಬಂದು, "ಹೆಗಡೇರೆ, ಹಂದಿ ಮತ್ತೆ ಬರೂಕೆ ಹಿಡದೀತು. ಒಂದು ಬೆಳಗಾಮುಂಚೆ ಬನ್ನಿ," ಎಂದು ಕರೆದ. ಅಣ್ಣ ಹೋಗಲಿಲ್ಲ. ಊರಿನ ಬೇರೆಯವರೂ ಕರೆದರು. ಏನೇನೋ ನೆಪ ಹೇಳಿದ. ರೈಫಲ್ಲು ಗೂಟದಲ್ಲೇ ತೂಗಿತು.

ಆ ಶನಿವಾರ ನಾನು ಬಂದಾಗ ಅವನು ಜಗಲಿಯಲ್ಲಿ ಕಾಯುತ್ತಿದ್ದ. ಕೈಕಾಲು ತೊಳೆಯಲೂ ಬಿಡದೆ ಹೇಳಿದ: "ತಮಾ, ನೀನು ಲೆಕ್ಕ ಬಲ್ಲವ. ತಪ್ಪು ತೋಟಾದ್ದನ, ನಂದನ, ಒಂದ್ಸಲ ನೋಡಿ ಹೇಳು. ತೋಟಾದ್ದಾದ್ರೆ ಸರಿ ಮಾಡ್ವ. ನಂದಾದ್ರೆ ಆನು ಮತ್ತೆ ಕೋವಿ ಮುಟ್ತ್ನಿಲ್ಲೆ. ಎರಡ್ರಲ್ಲಿ ಯಾವ್ದು ಹೇಳಿ ಗೊತ್ತಾಗದ್ದೇ ಕೂತ್ಕಂಬಲೆ ಆಗ್ತಿಲ್ಲೆ."

ಕೂತುಕೊಳ್ಳಲು ಆಗದವರ ಕಷ್ಟ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಒಪ್ಪಿಕೊಂಡೆ. ತೋಟಾದ್ದೇ ತಪ್ಪು ಎಂದು ನನ್ನ ಮನಸ್ಸು ಆಗಲೇ ತೀರ್ಮಾನ ಮಾಡಿಯಾಗಿತ್ತು. ಅಣ್ಣನ ಕೈ ತಪ್ಪುವುದು ಎಂದರೆ ನನಗೆ ಸಮುದ್ರ ಪೂರ್ವಕ್ಕೆ ಬಂದಂತೆ. ಇನ್ನು ಸಾಬೀತು ಮಾಡುವುದೊಂದೇ ಬಾಕಿ.

ಮೊದಲು ಮದ್ದನ್ನು ಹಿಡಿದೆ. ಕಣ್ಣಂದಾಜು ಬಿಟ್ಟು ತೂಗಿ ಹಾಕಬೇಕು, ಒಂದು ತೋಟಾದ ಮದ್ದು ಇನ್ನೊಂದಕ್ಕಿಂತ ಒಂದು ಕಾಳೂ ಹೆಚ್ಚು ಕಡಿಮೆ ಇರಬಾರದು ಎಂದುಕೊಂಡೆ. ಅಂಥ ತಕ್ಕಡಿ ಇರುವುದು ಚಿನಿವಾರರ ಹತ್ತಿರ. ಕುಮಟೆಯಲ್ಲಿ ನನಗೆ ಪರಿಚಯದ ಒಬ್ಬರು ಶೇಟರಿದ್ದರು. ವಿಷಯ ಕೇಳಿ ಅವರು ತಕ್ಕಡಿಯನ್ನು ಎದೆಗವಚಿಕೊಂಡರು. "ಲಕ್ಷ್ಮಿ ಕೂರುವ ತಟ್ಟೆಯಲ್ಲಿ ಕೋವಿಮದ್ದು ಹಾಕ್ತೀರಾ?" ಎಂದರು. ದಿನಾ ಸಂಜೆ ಅವರ ಅಂಗಡಿಯ ಕಟ್ಟೆಗೆ ಹೋಗಿ ಕೂತೆ. ಕೂತೆ ಎಂದರೆ ಎದ್ದೆ, ಕೂತೆ, ಎದ್ದೆ. ನನ್ನ ಚಡಪಡಿಕೆ ನೋಡಲಾರದೆ ಕೊನೆಗೆ ಅವರು ಅಟ್ಟದಿಂದ ಅಜ್ಜನ ಕಾಲದ ತಕ್ಕಡಿಯೊಂದನ್ನು ಇಳಿಸಿ, ಒಂದು ಮುಷ್ಟಿ ಗುಲಗಂಜಿ ಕೊಟ್ಟು, "ಇನ್ನು ಬರಬೇಡಿ," ಎಂದು ಕೈ ಮುಗಿದರು.

ಗುಲಗಂಜಿಯನ್ನು ನಂಬುವುದು ಹೇಗೆ? ಅದೂ ಗಿಡದಲ್ಲಿ ಬೆಳೆದ ಕಾಳು, ಅಣ್ಣತಮ್ಮಂದಿರಲ್ಲೇ ಒಬ್ಬ ಉದ್ದ ಒಬ್ಬ ಗಿಡ್ಡ ಇರುವುದಿಲ್ಲವೇ? ಒಂದು ಭಾನುವಾರ ಪೂರ್ತಿ ಗುಲಗಂಜಿಗೆ ಗುಲಗಂಜಿ ಎದುರಿಟ್ಟು ತೂಗಿದೆ. ಸಮ ಬಂದದ್ದು ಒಂದು ಡಬ್ಬಿಗೆ, ಬಾರದ್ದು ಅಂಗಳಕ್ಕೆ. ಅತ್ತಿಗೆ ಊಟಕ್ಕೆ ಕರೆದು ಕರೆದು ಸೋತರು. "ಮದ್ದು ತೂಗೂಲೆ ಗುಲಗಂಜಿ, ಗಂಜಿ ತೂಗೂಲೆ ಇನ್ನೊಂದು ಗಂಜಿ. ನಿನ್ನ ತೂಗೂಲೆ ಎಂತ ತರವ ತಮಾ?" ಎಂದರು. ತಕ್ಕಡಿ ಮಂಕಿಯಲ್ಲಿ ಉಳಿದಾಗಲೂ ಕುಮಟೆಯ ಮಂಡಿಯಲ್ಲಿ ಕೂತು ಎರಡು ಕೈಯಲ್ಲಿ ಎರಡು ಕೊಬ್ಬರಿ ಬಟ್ಟಲು ಹಿಡಿದು ತೂಗತೊಡಗಿದೆ. ಮಂಡಿಯ ಯಜಮಾನರಿಗೆ ನನ್ನ ತಲೆಯ ಬಗ್ಗೆ ಅನುಮಾನ ಬಂತು. ಚಟ ಹತ್ತಿದ್ದು ಹೀಗೆ.

ಮದ್ದು ಸಮವಾಯಿತು. ಗುಂಡು ಸಮವಾಗಬೇಕು. ಸೀಸ ಸಿಗುವುದು ಮೀನುಗಾರರ ಬಲೆಯ ಅಂಚಿನಲ್ಲಿ. ಹಳೆಯ ಬಲೆಯ ಸೀಸ ತಂದು ಕಾಯಿಸಿ ಅಚ್ಚಿಗೆ ಹೊಯ್ದರೆ ಒಳಗೆ ಕಡಲಂಚಿನ ಹೊಯಿಗೆ ಮರಳು ಸೇರಿ ಗುಂಡಿನ ಹೊಟ್ಟೆಯಲ್ಲಿ ಪೊಳ್ಳು. ಪೊಳ್ಳಾದದ್ದು ತೂಕದಲ್ಲಿ ಸಿಕ್ಕಿಬೀಳುತ್ತದೆ, ಅದನ್ನು ಮತ್ತೆ ಕರಗಿಸಬೇಕು. ಆಮೇಲೆ ರಟ್ಟಿನ ಬಿಲ್ಲೆ. ದಪ್ಪ ಒಂದೇ ಇರಬೇಕೆಂದು ಮಂಡಿಯ ಹಳೆಯ ಫೈಲುಗಳ ರಟ್ಟು ಕೇಳಿ ತಂದೆ. ಯಜಮಾನರು ಕೊಟ್ಟರು, ನನ್ನೊಡನೆ ವಾದ ಮಾಡುವುದನ್ನು ಅವರು ಬಿಟ್ಟಿದ್ದರು. ಗುಂಡಿಗೆ ಸವರುವ ಜೇನುಮೇಣ ಸಂತೆಗುಳಿಯ ನೆಂಟರ ಮನೆಯಿಂದ ಬಂತು. ಮೇಣ ತರಲು ಹೋದವನನ್ನು ಅವರು ಹೆಣ್ಣು ನೋಡಲು ಬಂದವನೆಂದು ತಿಳಿದು ಉಪ್ಪಿಟ್ಟು ಕೇಸರಿಬಾತು ಮಾಡಿಸಿದರು. ಮೇಣ ಎಂದಾಗ ಅವರ ಮುಖ ಬಿದ್ದುಹೋಯಿತು. ಅದೇ ಮನೆಯ ಹುಡುಗಿ ಆಮೇಲೆ ನನ್ನ ಹೆಂಡತಿಯಾದಳು ಎನ್ನುವುದು ಬೇರೆ ಕತೆ, ಅದನ್ನು ಹೇಳುವ ಹಕ್ಕು ಅವಳಿಗೆ ಮಾತ್ರ ಇದೆಯಂತೆ.

ಪ್ರತಿ ಭಾನುವಾರ ಮನೆಯ ಹಿಂದಿನ ಹುಲ್ಲುಬೇಣದಲ್ಲಿ ಪರೀಕ್ಷೆ. ದಿಬ್ಬಕ್ಕೆ ಒಂದು ಅಡಿಕೆ ಹಾಳೆ ನಿಲ್ಲಿಸಿ ನಡುವೆ ಸುಣ್ಣದ ಬೊಟ್ಟು ಇಡುವುದು. ನನ್ನ ಕೈ ನಡುಗಿ ಲೆಕ್ಕ ತಪ್ಪಬಾರದೆಂದು ರೈಫಲ್ಲನ್ನು ಸಮುದ್ರದಂಡೆಯ ಹೊಯಿಗೆ ತುಂಬಿದ ಚೀಲದ ಮೇಲೆ ಇಟ್ಟು, ನಾನು ಮಲಗಿ ಹೊಡೆಯುವುದು. ಹೀಗೆ ಹೊಡೆದರೆ ಹೊಡೆಯುವವನ ಗುಣದೋಷ ಕಳೆದು ತೋಟಾದ ಗುಣದೋಷ ಮಾತ್ರ ಉಳಿಯುತ್ತದೆ ಎನ್ನುವುದು ನನ್ನ ಸಿದ್ಧಾಂತ. ಅಣ್ಣ ಹಲಸಿನ ಮರದ ಬುಡದಲ್ಲಿ ನಿಂತು ನೋಡುತ್ತಿದ್ದ. ಒಂದು ದಿನವೂ ಕೋವಿ ಮುಟ್ಟಲಿಲ್ಲ.

ನನ್ನ ಸಿದ್ಧಾಂತಕ್ಕೆ ಹಾಳೆ ಮರ್ಯಾದೆ ಕೊಡಲಿಲ್ಲ. ಎರಡು ಗುಂಡು ಬೊಟ್ಟಿನ ಹತ್ತಿರ ಹತ್ತಿರ ಬೀಳುತ್ತಿದ್ದವು, ನಾನು ಎದ್ದು ಕುಣಿಯುವಷ್ಟರಲ್ಲಿ ಮೂರನೆಯದು ಹಾಳೆಯ ಬುಡಕ್ಕೆ. ಒಮ್ಮೊಮ್ಮೆ ಕೋವಿಯ ಕುದುರೆ ಎಳೆದ ಮೇಲೆ ಒಂದು ಗಳಿಗೆ ಏನೂ ಆಗದೆ, ನಾನು ತಲೆ ಎತ್ತಬೇಕೆನ್ನುವಾಗ 'ಬುಸ್' ಎನ್ನುತ್ತಿತ್ತು. ಮದ್ದು ಸಮ, ಗುಂಡು ಸಮ, ರಟ್ಟು ಸಮ. ಮತ್ತೆ ಇದು ಯಾಕೆ? ವಾರವಿಡೀ ಮಂಡಿಯಲ್ಲಿ ಅದೇ ಯೋಚನೆ. ಕೊಬ್ಬರಿ ಚೀಲದ ಲೆಕ್ಕ ಬರೆಯುವಾಗ ತೋಟಾ ಎಂದು ಬರೆದೆ. ಹೊನ್ನಾವರದ ದೋಣಿಯಲ್ಲಿ ಎದ್ದು ಓಡಾಡಿ ದೋಣಿಯವನಿಂದ ಬೈಸಿಕೊಂಡೆ. ಗಾಳಿಯೋ, ತೇವವೋ, ನಳಿಗೆಯೋ, ಒಂದೊಂದನ್ನೇ ಅನುಮಾನಿಸಿ ಬಿಟ್ಟೆ. ಕೊನೆಕೊನೆಗೆ ಒಂದು ಕೆಟ್ಟ ಯೋಚನೆಯೂ ಬರತೊಡಗಿತು: ತೋಟಾ ಸರಿಯೇ ಇದ್ದು, ತಪ್ಪು ಅಣ್ಣನದೇ ಆಗಿದ್ದರೆ? ಆ ಯೋಚನೆ ಬಂದ ಕೂಡಲೇ ಇನ್ನೊಂದು ಗುಂಡು ತೂಗಲು ಕೂರುತ್ತಿದ್ದೆ.

ಅಷ್ಟು ತೂಗಿದ್ದರಿಂದ ಗುಟ್ಟು ಸಿಗಲಿಲ್ಲ. ಸಿಕ್ಕಿದ್ದು ಮೂಗಿನಿಂದ. ಒಂದು ಭಾನುವಾರ ಹೀಗೇ 'ಬುಸ್' ಎಂದ ತೋಟಾವನ್ನು ತೆಗೆದಾಗ ಮದ್ದಿನ ವಾಸನೆಯ ಜೊತೆಗೆ ಹಪ್ಪಳ ಕರಿದ ವಾಸನೆ ಬಂತು. ಮನೆ ಹತ್ತಿರವೇ ಇತ್ತು, ಅಡುಗೆಮನೆಯದ್ದಿರಬಹುದು ಎಂದುಕೊಂಡೆ. ಮತ್ತೆ ಮೂಸಿದೆ. ಅಡುಗೆಮನೆ ಈ ಕೊಳವೆಯ ಒಳಗೇ ಇತ್ತು. ತೆಂಗಿನೆಣ್ಣೆ.

ಓಡಿಹೋಗಿ ಅಡುಗೆಮನೆಯ ಹೊಸಿಲಲ್ಲಿ ನಿಂತು ಕೇಳಿದೆ, "ಅತ್ತಿಗೆ, ಖಾಲಿ ತೋಟಾಕ್ಕೆ ಎಣ್ಣೆ ಹಾಕಿದ್ರ?"

ಅತ್ತಿಗೆ ದೋಸೆ ಎರೆಯುತ್ತಿದ್ದರು. ತಿರುಗದೆಯೇ ಹೇಳಿದರು: "ಹೌದು. ಜೀವ ತೆಗೆದ ತೋಟಾನ ಹಂಗೇ ಒಳಗೆ ತರಲಾಗ. ಅದ್ಕೆ ಬಾವಿಕಟ್ಟೆ ಹತ್ರ ಮುರುಗಲ ಹುಳಿಸಿಪ್ಪೆ ಹಾಕಿ ತಿಕ್ಕಿ ತೊಳೀತೆ. ಕಿಲುಬು ಹಿಡೀಲಾಗ ಹೇಳಿ ಒಳಗೊಂದು ಹನಿ ಎಣ್ಣೆ ಸವರಿ ಇಡ್ತೆ. ದೇವ್ರ ದೀಪಕ್ಕೂ ಹಂಗೇ ಮಾಡ್ತ್ನಲ."

"ಎಲ್ಲಾ ತೋಟಾಕ್ಕೂವಾ?"

"ಎಲ್ಲದಕ್ಕೂ ಎಂತಕೆ? ಜೀವ ತೆಗೆದಿದ್ದಕ್ಕೆ ಮಾತ್ರ. ಸುಮ್ಮನೆ ಹೋದ ತೋಟಾ ಎಂತ ಪಾಪ ಮಾಡಿದ್ದು?"

ನನಗೆ ಎಲ್ಲ ಹೊಳೆಯಿತು. ಹಂದಿಗೆ ತಾಗಿದ ಗುಂಡಿನ ತೋಟಾಕ್ಕೆ ಮುರುಗಲ ಹುಳಿ ಮತ್ತು ಎಣ್ಣೆ. ಗುರಿ ತಪ್ಪಿದ ತೋಟಾಕ್ಕೆ ಸ್ನಾನವಿಲ್ಲ. ಆಮೇಲೆ ಎಲ್ಲವೂ ಒಂದೇ ಡಬ್ಬಿಗೆ. ಎಣ್ಣೆ ಇಳಿದು ಕೇಪನ್ನೂ ಮದ್ದನ್ನೂ ಮುಟ್ಟಿ ಕೆಡಿಸುತ್ತಿತ್ತು. ಅಂದರೆ ನಮ್ಮ ಮನೆಯಲ್ಲಿ ಚೆನ್ನಾಗಿ ಕೆಲಸ ಮಾಡಿದ ತೋಟಾ ಮುಂದಿನ ಸಲ ಕೆಡಲೇಬೇಕು, ಕೆಲಸ ಕೆಡಿಸಿದ್ದು ಮಾತ್ರ ಸುಖವಾಗಿರಬೇಕು. ಜಗತ್ತಿನ ಯಾವ ಮೂಲೆಯಲ್ಲೂ ಇಂಥ ಏರ್ಪಾಡು ಇರಲಿಕ್ಕಿಲ್ಲ. ನಾನು ಅಲ್ಲೇ ಹೊಸಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಅಣ್ಣನ ಕೈ ತಪ್ಪಿದ್ದಲ್ಲ ಅತ್ತಿಗೆ, ನಿಮ್ಮ ಎಣ್ಣೆ ಮಾಡಿದ್ದು," ಎಂದು ಬಾವಿಕಟ್ಟೆಯವರೆಗೂ ಕೇಳುವಂತೆ ಹೇಳಿದೆ.

ಅತ್ತಿಗೆ ನಗಲಿಲ್ಲ. ಕಾವಲಿಯ ಮೇಲಿನ ದೋಸೆ ಸೀದುಹೋಯಿತು, ಅವರು ಅದನ್ನು ತೆಗೆಯಲಿಲ್ಲ. ಸಟ್ಟುಗ ಹಿಡಿದುಕೊಂಡೇ, "ಹಂಗಾರೆ ಮಾದೇವನ ಕಾಲು..." ಎಂದು ಅಲ್ಲಿಗೇ ನಿಲ್ಲಿಸಿದರು. ನಾನು ಹೊಸಿಲಿನಿಂದ ಎದ್ದೆ. ತಿರುಗಿ ನೋಡಿದರೆ ಜಗಲಿಯ ಬಾಗಿಲಲ್ಲಿ ಅಣ್ಣ ನಿಂತಿದ್ದ. ಎಲ್ಲವನ್ನೂ ಕೇಳಿದ್ದ.

ಅಣ್ಣ ನಿರಪರಾಧಿ ಎಂದು ಗೊತ್ತಾದ ಆ ದಿನ ಮನೆಯಲ್ಲಿ ಹಬ್ಬವಾಗಬೇಕಿತ್ತು. ಸೀದ ದೋಸೆಯನ್ನೇ ತಿಂದು ಎದ್ದೆವು. ಮುಂದಿನ ವಾರ ಬಂದಾಗ ಅತ್ತಿಗೆ ಇಳಿದುಹೋಗಿದ್ದರು. ಮಾದೇವನ ಕೋಲಿನ ಸದ್ದು ಅಂಗಳದಲ್ಲಿ ಕೇಳಿದರೆ ಹಿತ್ತಲ ಬಾಗಿಲಿನಿಂದ ತೋಟಕ್ಕೆ ಹೋಗಿಬಿಡುತ್ತಿದ್ದರು. ದೇವರ ದೀಪ ತಿಕ್ಕುತ್ತಿದ್ದರು, ಎಣ್ಣೆ ಸವರುವ ಹೊತ್ತಿಗೆ ಕೈ ನಿಂತುಬಿಡುತ್ತಿತ್ತು. "ಅತ್ತಿಗೆ, ಆ ದಿನದ ತೋಟಾ ತೊಳೆದದ್ದೇ ಹೌದು ಹೇಳಿ ಯಾರಿಗೆ ಗೊತ್ತಿದ್ದು?" ಎಂದು ಸಮಾಧಾನ ಹೇಳಲು ಹೋದೆ. "ತೊಳೆಯದ್ದು ಹೇಳಿ ಯಾರಿಗೆ ಗೊತ್ತಿದ್ದು?" ಎಂದರು.

ನಾನು ನನಗೆ ಗೊತ್ತಿದ್ದ ಒಂದೇ ಕೆಲಸಕ್ಕೆ ಮರಳಿದೆ. ಎಲ್ಲ ಕೊಳವೆಗಳನ್ನು ಸೀಗೆಯ ನೀರಿನಲ್ಲಿ ಕುದಿಸಿ, ಬಿಸಿಲಲ್ಲಿ ಒಣಗಿಸಿ, ಹೊಸದಾಗಿ ತುಂಬಿದೆ. ಚೀಲದ ಮೇಲಿಟ್ಟು ಹೊಡೆದರೆ ಹಾಳೆಯ ಮೇಲಿನ ತೂತುಗಳನ್ನೆಲ್ಲ ಒಂದು ಅಂಗೈ ಮುಚ್ಚುತ್ತಿತ್ತು. ಮುಂದಿನ ಶನಿವಾರ ಬಂದವನೇ ಆ ಹಾಳೆಯನ್ನು ಅಣ್ಣನಿಗೆ ತೋರಿಸಿದೆ. ಅವನು ಒಂದೊಂದು ತೂತಿಗೂ ಬೆರಳು ಹಾಕಿ ನೋಡಿದ. "ತೋಟಾ ಇನ್ನು ತಪ್ತಿಲ್ಲೆ ಅಲ್ದ?" ಎಂದು ಕೇಳಿದ. ಇಲ್ಲ ಎಂದೆ. "ಹಂಗಾರೆ ನಾಳೆ ಬೆಳಗಾಗ್ತಿದ್ದಾಂಗೆ ಆನು ಹೊಡೀತೆ. ಮಾದೇವಂಗೂ ಬಪ್ಪಲೆ ಹೇಳು," ಎಂದ. ಆಮೇಲೆ ಒಳಗೆ ತಿರುಗಿ, "ನೀನೂ ಬರವು," ಎಂದು ಅತ್ತಿಗೆಗೆ ಹೇಳಿದ. ಅತ್ತಿಗೆ ಬೇಣದ ಪರೀಕ್ಷೆಗೆ ಅದುವರೆಗೆ ಬಂದವರಲ್ಲ.

ಭಾನುವಾರ ಬೆಳಿಗ್ಗೆ ನಾವು ನಾಲ್ವರೂ ಬೇಣದಲ್ಲಿದ್ದೆವು. ಮಾದೇವ ಕಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದ. ಅತ್ತಿಗೆ ಹಲಸಿನ ಮರದ ಮರೆಯಲ್ಲಿ. ಅಣ್ಣನಿಗೆ ಚೀಲ ಬೇಡವಾಯಿತು. ಎಂದಿನಂತೆ ಒಂದು ಮೊಣಕಾಲು ಊರಿ ಕೂತ, ನನ್ನದೇ ತೋಟಾ ಹಾಕಿ ಹೊಡೆದ. ಮೊದಲ ಗುಂಡು ಹಾಳೆಯ ಎಡ ಅಂಚಿಗೆ. ಎರಡನೆಯದು ಬಲ ಅಂಚಿಗೆ. ಮತ್ತೊಂದು ಮೇಲೆ, ಇನ್ನೊಂದು ಕೆಳಗೆ. ಸುಣ್ಣದ ಬೊಟ್ಟು ಬೆಳ್ಳಗೆ ಹಾಗೇ ಉಳಿದಿತ್ತು.

ಅಣ್ಣ ಕೋವಿ ಕೆಳಗಿಟ್ಟು ಕಣ್ಣುಜ್ಜಿಕೊಂಡ. "ತೋಟಾ ಸರಿ ಉಂಟು ಮಾದೇವ. ಕಣ್ಣು ಸರಿ ಇಲ್ಲ. ಬೊಟ್ಟು ಎರಡೆರಡು ಕಾಣ್ತದೆ. ಅಪ್ಪಂಗೂ ಹೀಗೇ ಆಗಿತ್ತು. ಆವತ್ತು ಗುಂಡು ಹಿಂಗಾಲಿಗೆ ಬಿದ್ದದ್ದೂ ಇದ್ರಿಂದ್ಲೇ. ಎಣ್ಣೆ ಗಿಣ್ಣೆ ಎಂತದೂ ಅಲ್ಲ," ಎಂದ. ಹೇಳಿದ್ದು ಮಾದೇವನಿಗೆ, ಸ್ವರ ಮಾತ್ರ ಹಲಸಿನ ಮರದವರೆಗೆ ಹೋಗುವಷ್ಟು ದೊಡ್ಡದಿತ್ತು.

ಮಾದೇವ ನಕ್ಕ. "ಹೋಗ್ಲಿ ಬಿಡಿ ಹೆಗಡೇರೆ. ಹಂದಿ ಕಣ್ಣು ಸಮಾ ಇತ್ತಲ, ಹಂಗಾಗಿ ಅದಕ್ಕೆ ನಾ ಕಂಡೆ," ಎಂದ. ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡು ಮನೆಗೆ ಹೋದರು. ಆ ದಿನ ಮಾದೇವನಿಗೆ ಅವರೇ ಕೈಯಾರೆ ಕುಡಿಯಲು ಆಸರಿ ತಂದುಕೊಟ್ಟರು, ಅವನ ಹೆಂಡತಿ ಮಕ್ಕಳನ್ನು ವಿಚಾರಿಸಿದರು. ಅಣ್ಣ ಹೊನ್ನಾವರದ ಕಚೇರಿಗೆ ಹೋಗಿ ರೈಫಲ್ಲನ್ನೂ ಲೈಸನ್ಸನ್ನೂ ಒಪ್ಪಿಸಿ ಬಂದ. ಬಂದವನು ಸಂಜೆ ಜಗಲಿಯಲ್ಲಿ ಕೂತು, ಎಳೆಯಲು ನಳಿಗೆ ಇಲ್ಲದ ಬಟ್ಟೆಯನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿದ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಅಣ್ಣ ಹೊಡೆದ ಆ ಹಾಳೆಯನ್ನು ನಾನು ಎಸೆಯಲಿಲ್ಲ. ಅಟ್ಟದಲ್ಲಿಟ್ಟು ಆಗಾಗ ಇಳಿಸಿ ನೋಡುತ್ತಿದ್ದೆ. ನನ್ನನ್ನು ಕೊರೆಯುತ್ತಿದ್ದದ್ದು ಅಣ್ಣ ತಪ್ಪಿದ್ದಲ್ಲ, ತಪ್ಪಿದ ರೀತಿ. ಬೊಟ್ಟಿನಿಂದ ಎಡಕ್ಕೆ ಎಷ್ಟು ದೂರವೋ ಬಲಕ್ಕೂ ಅಷ್ಟೇ ದೂರ, ಮೇಲಕ್ಕೆ ಎಷ್ಟೋ ಕೆಳಕ್ಕೂ ಅಷ್ಟೇ. ದಾರ ಹಿಡಿದು ಅಳೆದೆ. ಕಣ್ಣು ಮಂಜಾದವನು ಇಷ್ಟು ಅಚ್ಚುಕಟ್ಟಾಗಿ ತಪ್ಪಬಲ್ಲನೇ? ಅಪ್ಪನ ಕಣ್ಣು ಹೋದದ್ದೂ ಮುದಿತನದಲ್ಲಿ, ಅಣ್ಣನ ಪ್ರಾಯದಲ್ಲಿ ಅಲ್ಲ. ಕೇಳಬೇಕೆಂದು ಎಷ್ಟೋ ಸಲ ಹತ್ತಿರ ಹೋದೆ. ಕೇಳಿದರೆ ಅವನು ಸುಳ್ಳು ಹೇಳಬೇಕಾಗುತ್ತದೆ, ಇಲ್ಲವೆ ನಿಜ ಹೇಳಬೇಕಾಗುತ್ತದೆ. ಎರಡೂ ನನಗೆ ಬೇಡವಾಗಿದ್ದವು. ಆದರೂ ಗೊತ್ತಾಗದೆ ಇರಲಾರೆ. ವಾರವಾರವೂ ಮಂಕಿಗೆ ಬಂದು ಅವನ ಕಣ್ಣನ್ನೇ ಕಳ್ಳನಂತೆ ನೋಡುತ್ತ ಸುತ್ತುತ್ತಿದ್ದೆ. ಅವನು ಯಾವುದಕ್ಕೂ ಸಿಗಲಿಲ್ಲ. ಪಂಚಾಂಗ ನೋಡುವುದಿದ್ದರೆ, "ತಮಾ, ಓದು," ಎಂದು ನನ್ನ ಕೈಗೇ ಕೊಡುತ್ತಿದ್ದ.

ಯುದ್ಧ ಮುಗಿದು, ಬಸ್ಸಿನ ಬೆನ್ನಿನ ಒಲೆಯೂ ಇಳಿದ ಮೇಲಿನ ಮಾತು. ಒಂದು ಮಧ್ಯಾಹ್ನ ಜಗಲಿಯಲ್ಲಿ ಅಣ್ಣ ಕವಳ ಹಾಕುತ್ತ ಕೂತಿದ್ದ. ಅತ್ತಿಗೆ ಹೂ ಕಟ್ಟುತ್ತಿದ್ದರು. ನಾನು ಎಂದಿನಂತೆ ನಿಂತಿದ್ದೆ. ಕೊಯ್ಲಾಗಿ ಬಯಲಾದ ಗದ್ದೆಯ ಆಚೆ ತುದಿಯಲ್ಲಿ, ಹಾಳಿಯ ಮೇಲೆ ಯಾರೋ ಬರುತ್ತಿದ್ದರು. ನನಗೆ ಕಂಡದ್ದು ಒಂದು ಆಕಾರ ಮಾತ್ರ.

"ಮಾದೇವ ಬತ್ತಾ ಇದ್ದ," ಎಂದ ಅಣ್ಣ, ಸುಣ್ಣ ಹಚ್ಚುತ್ತಲೇ. "ಕೋಲು ಹೊಸತು ಮಾಡ್ಸಿದ್ದ. ತುದಿಗೆ ಹಿತ್ತಾಳೆ ಕಟ್ಟು ಹಾಕ್ಸಿದ್ದ."

ಹೂ ಕಟ್ಟುವ ಕೈ ನಿಂತಿತು. ಅಣ್ಣನಿಗೆ ತಾನು ಏನು ಹೇಳಿದೆ ಎಂಬುದು ಆಗ ಹೊಳೆದಿರಬೇಕು. ಮುಖ ಆಚೆ ತಿರುಗಿಸಿಕೊಂಡು ಕಣ್ಣುಜ್ಜತೊಡಗಿದ. ಗದ್ದೆ ದಾಟಿ ಬರಲು ಮಾದೇವನಿಗೆ ಬಹಳ ಹೊತ್ತು ಬೇಕಾಯಿತು, ಅಷ್ಟು ಹೊತ್ತೂ ಅತ್ತಿಗೆ ಕೈಯಲ್ಲಿದ್ದ ಹೂವನ್ನೇ ನೋಡುತ್ತಿದ್ದರು. ಅವನು ಅಂಗಳಕ್ಕೆ ಬಂದಾಗ ಅಣ್ಣ, "ಯಾರದು?" ಎಂದು ಕೇಳಿದ.

"ನಾನೇ ಹೆಗಡೇರೆ, ಮಾದೇವ."

ಕೋಲು ಹೊಸದಿತ್ತು. ತುದಿಯಲ್ಲಿ ಹಿತ್ತಾಳೆಯ ಕಟ್ಟು ಬಿಸಿಲಿಗೆ ಹೊಳೆಯುತ್ತಿತ್ತು.

ಅತ್ತಿಗೆ ಎದ್ದು ಒಳಗೆ ಹೋಗಿ ನೀರು ಬೆಲ್ಲ ತಂದು ಮಾದೇವನ ಮುಂದಿಟ್ಟರು. ತಿರುಗಿ ಬರುವಾಗ ಅಣ್ಣನ ಪಕ್ಕ ಒಂದು ಗಳಿಗೆ ನಿಂತರು.

"ಮಾದೇವ ಹೊಸ ಕೋಲು ಮಾಡ್ಸಿದ್ದ, ಹಿತ್ತಾಳೆ ಕಟ್ಟು ಹಾಕ್ಸಿದ್ದ," ಎಂದರು, ಕುರುಡರಿಗೆ ಹೇಳುವಷ್ಟು ನಿಧಾನವಾಗಿ. "ನಿಂಗಕ್ಕೆ ಕಾಣ್ತಿಲ್ಲೆ ಅಲ್ದ, ಅದ್ಕೆ ಹೇಳ್ದಿ."